ಎಲೂಬಿ ತೋರಿಸಬಾರದಾಗಿದ್ದ ಮನೆ

ಕೋರ್ಟಿನ ಗುಮಾಸ್ತ ಬೀಗ ತೆಗೆಯುವ ಮೊದಲೇ ಎಲೂಬಿ ಸಾಂಡೆ ಜಗುಲಿಯ ಮೇಲೆ ಕೂತಿರುತ್ತಿದ್ದಳು. ಐವತ್ತೆಂಟರ ಹೆಂಗಸು, ಗಿಡ್ಡ ಆಳು, ಎಡದವಡೆ ಒಂದಿಷ್ಟು ಸೊಟ್ಟ. ಮಡಿಲಲ್ಲಿ ಹೂವಿನ ಚಿತ್ತಾರದ ಚಿತೆಂಜಿ ಬಟ್ಟೆಯ ಗಂಟು, ಗಂಟಿನೊಳಗೆ ಊರೂರಿನ ಹೆಂಗಸರ ಅರ್ಜಿಗಳು. ಶೀರೆ ನದಿಯ ಕೆಳಗಿನ ಆ ಜಿಲ್ಲೆಯಲ್ಲಿ ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟವಳು ಮೊದಲು ಪೊಲೀಸ್ ಠಾಣೆಗೆ ಹೋಗುತ್ತಿರಲಿಲ್ಲ, ಎಲೂಬಿಯ ಬಳಿಗೆ ಬರುತ್ತಿದ್ದಳು. ಠಾಣೆಯವರು ಪೆನ್ನು ಹುಡುಕುವುದರೊಳಗೆ ಎಲೂಬಿ ಅರ್ಧ ಅರ್ಜಿ ಬರೆದಿರುತ್ತಾಳೆ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಅಳೋದನ್ನ ಆಮೇಲೆ ಅಳು, ಹೊತ್ತಿದೆ," ಎನ್ನುತ್ತಿದ್ದಳು ಬಂದವಳಿಗೆ. "ಮೊದ್ಲು ಹೇಳು. ಯಾವ ದಿನ, ಯಾವ ಕೈ, ಕೈಯಲ್ಲಿ ಏನಿತ್ತು. 'ಯಾವಾಗ್ಲೂ ಹೊಡೀತಾನೆ' ಅಂದ್ರೆ ಸಾಹೇಬ್ರು ಗಡಿಯಾರ ನೋಡ್ತಾರೆ. 'ಮಂಗಳವಾರ, ಬಲಗೈ, ಒನಕೆ' ಅಂದ್ರೆ ಬರ್ಕೊಳ್ತಾರೆ."

ಎಲೂಬಿ ವಕೀಲೆಯಲ್ಲ. ಹನ್ನೊಂದು ವರ್ಷ ಅದೇ ಕೋರ್ಟಿನ ಕಸ ಗುಡಿಸಿದವಳು. ಅದಕ್ಕೂ ಮುಂಚೆ ಅವಳೂ ಒಬ್ಬನ ಹೆಂಡತಿಯಾಗಿದ್ದಳು, ದವಡೆ ಸೊಟ್ಟಗಾದದ್ದು ಅಲ್ಲಿಯೇ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಆ ಮನೆ ಬಿಟ್ಟು ಬಂದಾಗ ಹಿರಿಯರೆಲ್ಲ ಸೇರಿ ಒಂದೇ ಮಾತು ಹೇಳಿದ್ದರು: ತೆರ ಕೊಟ್ಟವರು ಅವರು, ಅವರ ದನ ನಿಮ್ಮಪ್ಪನ ಕೊಟ್ಟಿಗೆ ಸೇರಿದೆ, ಆದ್ದರಿಂದ ಮಕ್ಕಳು ಅವರ ಮನೆಯವು. ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಬರಿಗೈಯಲ್ಲಿ ಬಂದಳು. ಎಷ್ಟೋ ವರ್ಷಗಳ ಮೇಲೆ ಕೋರ್ಟಿನ ಬಾಗಿಲ ಹಿಂದೆ ಪೊರಕೆ ಹಿಡಿದು ನಿಂತಿದ್ದಾಗ, ಮ್ಯಾಜಿಸ್ಟ್ರೇಟರು ಯಾವಳಿಗೋ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ತೆರ ಯಾರು ಕೊಟ್ಟರು ಎಂದು ಈ ಕೋರ್ಟು ನೋಡುವುದಿಲ್ಲ, ಮಕ್ಕಳು ಎಲ್ಲಿ ಕ್ಷೇಮವಾಗಿರುತ್ತವೆ ಎಂದು ನೋಡುತ್ತದೆ. ಇದನ್ನು ನನಗೆ ಆಗ ಒಬ್ಬರೂ ಹೇಳಲಿಲ್ಲವಲ್ಲ ಎಂದು ಅವಳ ಹೊಟ್ಟೆಗೆ ಬೆಂಕಿ ಬಿತ್ತು. ಅಷ್ಟರಲ್ಲಿ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ ತಾವೇ ತಾಯಂದಿರಾಗಿದ್ದರು.

ಆ ಬೆಂಕಿಯೇ ಅವಳನ್ನು ಈ ಕೆಲಸಕ್ಕೆ ತಂದದ್ದು. ಯಾವುದೋ ಸಂಸ್ಥೆಯವರು ಹನ್ನೆರಡು ದಿನ ತರಬೇತಿ ಕೊಟ್ಟು ಒಂದು ಸರ್ಟಿಫಿಕೇಟು ಕೈಗಿತ್ತರು. ಮಿಕ್ಕದ್ದನ್ನೆಲ್ಲ ಅವಳು ಗುಡಿಸುತ್ತ ಗುಡಿಸುತ್ತ ಕಲಿತಿದ್ದಳು. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಬರೆದ ಒಂದು ಅರ್ಜಿಯೂ ವಾಪಸು ಬಂದಿರಲಿಲ್ಲ. ಅದರ ಜಂಬ ಅವಳಿಗೆ ಬೇಕಾದಷ್ಟಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗುತ್ತಿರಲಿಲ್ಲ.

ಅರ್ಜಿ ವಾಪಸು ಬಾರದಿರುವುದಕ್ಕೆ ಒಂದು ಗುಟ್ಟಿತ್ತು. ಆ ಸೀಮೆಯಲ್ಲಿ ಗಂಡೂ ಹೆಣ್ಣೂ ಒಪ್ಪಿದ ಮಾತ್ರಕ್ಕೆ ಮದುವೆಯಾಗುವುದಿಲ್ಲ. ಎರಡೂ ಕಡೆಯಿಂದ ಒಬ್ಬೊಬ್ಬ ಹಿರಿಯ ಹೊಣೆ ನಿಲ್ಲಬೇಕು. ಅವನನ್ನು ಅಂಕೋಸ್ವೆ ಎನ್ನುತ್ತಾರೆ. ಎರಡು ಮನೆಗಳ ನಡುವೆ ಕೋಳಿ ಅದಲುಬದಲು ಮಾಡಿ ಮದುವೆ ಕಟ್ಟುವವನೂ ಅವನೇ, ಮನೆಯೊಳಗೆ ಜಗಳವಾದರೆ ಮೊದಲು ಕೇಳಬೇಕಾದವನೂ ಅವನೇ, ಗಂಟು ಬಿಚ್ಚುವುದಾದರೆ ಬಿಚ್ಚಬೇಕಾದವನೂ ಅವನೇ. ಕೋರ್ಟಿನಲ್ಲಿ ಹೆಂಗಸು ಬಾಯಿ ತೆರೆಯುವ ಮೊದಲು ಮ್ಯಾಜಿಸ್ಟ್ರೇಟರು ಕೇಳುವ ಪ್ರಶ್ನೆ, ಅಂಕೋಸ್ವೆಗಳು ಬಂದಿದ್ದಾರೆಯೇ ಎಂಬುದು. ಬಂದಿಲ್ಲವೆಂದರೆ ಮುಂದಿನ ತಿಂಗಳು. ಒಂದು ತಿಂಗಳೆಂದರೆ ಕಡಿಮೆಯೇನಲ್ಲ. ಅಷ್ಟರಲ್ಲಿ ಗಂಡನ ಮನೆಗೆ ವಾಪಸು ಹೋದವರನ್ನು ಎಲೂಬಿ ನೋಡಿದ್ದಳು, ಹೋದಮೇಲೆ ಮತ್ತೆ ಎಲ್ಲಿಯೂ ಕಾಣಿಸದವರನ್ನೂ ನೋಡಿದ್ದಳು. ಅದಕ್ಕೇ ಅರ್ಜಿ ಹಾಕಿದ ವಾರದೊಳಗೆ ತಾನೇ ನಡೆದು ಗಂಡನ ಕಡೆಯ ಅಂಕೋಸ್ವೆಯ ಮನೆಗೆ ಹೋಗಿ, ಅಂಗಳದಲ್ಲಿ ಮಂಡಿಯೂರಿ, ಚಪ್ಪಾಳೆ ತಟ್ಟಿ ನಮಸ್ಕರಿಸಿ, ವಿಷಯ ತಿಳಿಸಿ, ತಾರೀಖು ಹೇಳಿ ಬರುತ್ತಿದ್ದಳು.

ಬ್ಲಾಂಟೈರ್ ಪಟ್ಟಣದಿಂದ ಒಮ್ಮೆ ಬಂದಿದ್ದ ವಕೀಲೆ ಹುಡುಗಿ ಇದನ್ನು ಕೇಳಿ ಗಾಬರಿಯಾಗಿದ್ದಳು. "ಮಾಯಿ, ಗಂಡನ ಕಡೆಯವ್ರಿಗೆ ನೀವೇ ಹೋಗಿ ಹೇಳ್ತೀರಾ? ಅಪಾಯ ಅಲ್ವಾ?"

"ಮಗಳೇ, ನೀನು ಪುಸ್ತಕದಲ್ಲಿ ಓದಿದ್ದೀಯ. ನಾನು ಈ ಊರಲ್ಲಿ ಮುದುಕಿ ಆಗಿದ್ದೀನಿ," ಎಂದಿದ್ದಳು ಎಲೂಬಿ, ಮತ್ತು ಆ ದಿನವಿಡೀ ಅದನ್ನು ಎಲ್ಲರಿಗೂ ಹೇಳಿಕೊಂಡು ನಕ್ಕಿದ್ದಳು.

ಫಾಲೆಸಿ ಬಂದದ್ದು ಅಕ್ಟೋಬರ್ ತಿಂಗಳಲ್ಲಿ, ಆ ತಗ್ಗಿನ ಸೀಮೆಯಲ್ಲಿ ನೆಲ ಕಾದು ಕಾಲಿಡಲಾಗದ ಕಾಲದಲ್ಲಿ. ಇಪ್ಪತ್ತೆಂಟರ ಹೆಣ್ಣು. ಏಳು ವರ್ಷದ ಮಗಳು ಎಸ್ನಾತಿ ಪಕ್ಕದಲ್ಲಿ, ನಾಲ್ಕರ ಮಗ ಲೂಕಾ ಬೆನ್ನಮೇಲೆ. ಎಡಭುಜದಿಂದ ಮೊಣಕೈಯವರೆಗೆ ಚರ್ಮ ಸುಲಿದುಹೋಗಿತ್ತು. ಒಲೆಯ ಮೇಲಿಂದ ಆಗತಾನೆ ಇಳಿಸಿದ್ದ ಎನ್ಸಿಮಾ ಮುದ್ದೆಯನ್ನು ಗಂಡ ಮಡಕೆಸಮೇತ ಅವಳ ಮೇಲೆ ಕವುಚಿದ್ದ. ನೀರಾದರೆ ಹರಿದು ಹೋಗುತ್ತದೆ. ಬೆಂದ ಮೆಕ್ಕೆಜೋಳದ ಹಿಟ್ಟು ಅಂಟಿಕೊಳ್ಳುತ್ತದೆ, ಕಿತ್ತರೆ ಚರ್ಮದೊಂದಿಗೇ ಬರುತ್ತದೆ.

"ಯಾವ ದಿನ?" ಎಂದಳು ಎಲೂಬಿ.

"ಶುಕ್ರವಾರ. ಎರಡೂ ಕೈ." ಫಾಲೆಸಿಗೆ ಅಳು ಬರಲಿಲ್ಲ. "ಮಾಯಿ, ನನ್ನನ್ನ ಹೊಡೀತಾನೆ ಅಂತ ನಾನು ಬಂದಿಲ್ಲ. ಹೊಡ್ತ ಅಭ್ಯಾಸ ಆಗಿದೆ. ಅವನ ಅಕ್ಕ ಆಚೆ ಇದ್ದಾಳೆ, ಮೊಜಾಂಬಿಕ್‌ನಲ್ಲಿ. 'ನೀನು ಬಾಗಿಲು ದಾಟಿದ್ರೆ ಮಕ್ಕಳು ನದಿ ದಾಟ್ತಾರೆ' ಅಂದ. ಅವನು ಹೇಳಿದ್ದನ್ನ ಮಾಡೋನು, ಮಾಯಿ. ಮಡಕೆ ಕವುಚ್ತೀನಿ ಅಂತಾನೂ ಮೊದ್ಲೇ ಹೇಳಿದ್ದ."

ನದಿಯಾಚೆ ಒಂದಿಷ್ಟು ದೂರ ನಡೆದರೆ ಬೇರೆ ದೇಶ. ಎರಡೂ ಕಡೆ ಒಂದೇ ಜನ, ಒಂದೇ ಭಾಷೆ, ಮದುವೆಗೂ ಸಾವಿಗೂ ಓಡಾಡುತ್ತಲೇ ಇರುತ್ತಾರೆ. ಕೋರ್ಟಿನ ಕಾಗದ ಮಾತ್ರ ಆಚೆ ಹೋಗುವುದಿಲ್ಲ. ಎಲೂಬಿ ಅಂದೇ ಅರ್ಜಿ ಬರೆದಳು: ಗಂಡ ಹತ್ತಿರ ಸುಳಿಯದಂತೆ ರಕ್ಷಣೆ ಬೇಕು, ಮಕ್ಕಳು ತಾಯಿಯ ಬಳಿ ಇರಬೇಕು. ವಿಚಾರಣೆ ಮುಂದಿನ ವಾರದ ಗುರುವಾರಕ್ಕೆ ಬಿತ್ತು. ಹತ್ತು ದಿನ. ಆ ಹತ್ತು ದಿನ ಮಕ್ಕಳು ಯಾರ ಕಣ್ಣಿಗೂ ಬೀಳಬಾರದು. ಎಲೂಬಿ ತಾಯಿ ಮಕ್ಕಳನ್ನು ಮಿನಿಬಸ್ಸಿನಲ್ಲಿ ಎರಡು ಗಂಟೆಯ ದಾರಿಯ ಒಂದು ಊರಿನಲ್ಲಿದ್ದ ತನ್ನ ತಂಗಿ ಮೆಲಿಯಾಳ ಮನೆಗೆ ಸೇರಿಸಿದಳು. ಅಲ್ಲಿ ಶಾಲೆಯಿತ್ತು, ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟುವ ಆಸ್ಪತ್ರೆಯೂ ಇತ್ತು.

ಮೂರನೆಯ ದಿನ ಮಾನುವೆಲಿ ಕೋರ್ಟಿನ ಜಗುಲಿಗೆ ಬಂದ. ಫಾಲೆಸಿಯ ಗಂಡ. ಒಣಮೀನಿನ ವ್ಯಾಪಾರಿ, ಸೈಕಲ್ಲಿನ ಹಿಂದೆ ಬಿದಿರಿನ ಬುಟ್ಟಿ. ಇಸ್ತ್ರಿ ಮಾಡಿದ ಅಂಗಿ, ತಗ್ಗಿದ ದನಿ. ಟೋಪಿ ತೆಗೆದು, ಎರಡೂ ಕೈ ಜೋಡಿಸಿ, ಒಂದು ಮಂಡಿ ನೆಲಕ್ಕೂರಿ ನಮಸ್ಕರಿಸಿದ. ಅಷ್ಟು ಮರ್ಯಾದೆ ಎಲೂಬಿಗೆ ಅವಳ ಸ್ವಂತ ಅಳಿಯಂದಿರೂ ಕೊಟ್ಟಿರಲಿಲ್ಲ.

"ಮಾಯಿ, ಆರೋಗ್ಯವಾಗಿದ್ದೀರಾ?"

"ಇದ್ದೀನಿ. ಏನ್ ಬೇಕು?"

"ಏನೂ ಇಲ್ಲ. ಮಕ್ಕಳು ಊಟ ಮಾಡ್ತಾ ಇದ್ದಾವಾ ಅಂತ ಕೇಳೋಣ ಅಂತ ಬಂದೆ. ಲೂಕಾಗೆ ಬೀನ್ಸು ಆಗಲ್ಲ, ಹೊಟ್ಟೆ ಕೆಡತ್ತೆ. ಗೊತ್ತಿರೋರಿಗೆ ಹೇಳಿ."

"ಯಾರ ಮಕ್ಕಳು ಎಲ್ಲಿದ್ದಾವೆ ಅಂತ ನನಗೇನ್ ಗೊತ್ತಪ್ಪ? ಬರೋ ವಾರ ಗುರುವಾರ ಕೋರ್ಟಿಗೆ ಬಾ, ಅಲ್ಲಿ ಮಾತಾಡು."

"ಬರ್ತೀನಿ ಮಾಯಿ. ಬರದೆ ಇರ್ತೀನಾ?" ನಕ್ಕು, ಎದುರಿನ ಅಂಗಡಿಯಲ್ಲಿ ಎಣ್ಣೆಯಲ್ಲಿ ಕರಿದ ಮಂದಾಸಿ ಬನ್ನೊಂದನ್ನು ಕೊಂಡು ಕೋರ್ಟಿನ ಕಾವಲುಗಾರನ ಕೈಗಿಟ್ಟು, ಸೈಕಲ್ ಹತ್ತಿ ಹೋದ. ಮಾರನೆಯ ದಿನವೂ ಬಂದ, ಅದರ ಮಾರನೆಯ ದಿನವೂ ಬಂದ. ಏನೂ ಮಾತಾಡುವುದಿಲ್ಲ. ಮಾವಿನ ಮರದ ಕೆಳಗೆ ಸೈಕಲ್ ನಿಲ್ಲಿಸಿಕೊಂಡು ಎಲೂಬಿ ಯಾವ ಕಡೆಗೆ ಎದ್ದು ಹೋಗುತ್ತಾಳೆ ನೋಡುತ್ತ ಕೂರುತ್ತಿದ್ದ. ಕೂಗಾಡುವ ಗಂಡಂದಿರನ್ನು ಎಲೂಬಿ ಬೇಕಾದಷ್ಟು ಕಂಡಿದ್ದಳು, ಅವರನ್ನು ನಿಭಾಯಿಸುವುದೂ ಗೊತ್ತಿತ್ತು. ಇವನನ್ನು ಕಂಡರೆ ಅವಳಿಗೆ ಭಯವಾಗತೊಡಗಿತು.

ಆದರೂ ಶನಿವಾರ ಅವಳು ಅಂಕೋಸ್ವೆಯ ಮನೆಗೆ ಹೋದಳು. ಹೋಗದೆ ಇದ್ದರೆ ಗುರುವಾರದ ವಿಚಾರಣೆ ಮುಂದಿನ ತಿಂಗಳಿಗೆ ಹೋಗುತ್ತದೆ. ಇನ್ನೊಂದು ತಿಂಗಳು ಮಕ್ಕಳನ್ನು ಇವನ ಕಣ್ಣಿನಿಂದ ಬಚ್ಚಿಡುವುದು ಯಾರಿಂದಲೂ ಆಗದ ಮಾತು ಎಂಬುದು ಅವಳ ಲೆಕ್ಕ.

ಮಾನುವೆಲಿಯ ಕಡೆಯ ಅಂಕೋಸ್ವೆ ಅವನ ಸೋದರಮಾವ ಸಿತೊಲೊ; ಹಿರಿಯನೆಂದು ಎಲ್ಲರೂ ಅವನನ್ನು ಬಾಂಬೊ ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಮುದುಕ, ಇಗರ್ಜಿಯ ಹಿರಿಯ. ಜೀವಮಾನದಲ್ಲಿ ಸುಳ್ಳಾಡದವನೆಂದು ಹೆಸರಾದವನು. ಎಲೂಬಿ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದ. ಮಡಕೆಯ ವಿಷಯ ಬಂದಾಗ ಕಣ್ಣು ಮುಚ್ಚಿಕೊಂಡ.

"ನಮ್ಮ ಹುಡುಗ ಹೊಲಸು ಕೆಲಸ ಮಾಡಿದ," ಎಂದ ಕೊನೆಗೆ. "ಕೋರ್ಟಿಗೆ ಬರ್ತೀನಿ. ಅಲ್ಲೂ ಇದನ್ನೇ ಹೇಳ್ತೀನಿ. ಆದ್ರೆ ಮಾಯಿ, ನಾನು ಕಟ್ಟಿದ ಗಂಟು ಇದು. ಆ ಹುಡುಗಿ ಬಾಯಲ್ಲೇ 'ಬಾಂಬೊ, ನಾನು ಬಿಟ್ಟೆ' ಅಂತ ನನಗೆ ಹೇಳ್ಬೇಕು. ಅವಳ ಗಾಯ ನಾನು ಕಣ್ಣಾರೆ ನೋಡ್ಬೇಕು. ನೋಡದೆ ಸಾಕ್ಷಿ ಹೇಳೋ ಅಂಕೋಸ್ವೆ ನಾನಲ್ಲ."

"ಕೋರ್ಟಲ್ಲೇ ನೋಡ್ಬಹುದಲ್ಲ, ಬಾಂಬೊ."

"ಕೋರ್ಟಲ್ಲಿ ಹೆಣ್ಣುಮಗಳ ಭುಜ ಬಿಚ್ಚಿ ನೋಡ್ಲಾ? ನಿಮ್ಮ ಮನೆ ಹುಡುಗಿ ಆಗಿದ್ರೆ ಒಪ್ತಿದ್ರಾ?"

ಮುದುಕ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದೇ ದೊಡ್ಡ ತೊಂದರೆ. ಇಂಥ ಮನುಷ್ಯ, ಅದೂ ಗಂಡನ ಕಡೆಯವನೇ, ಎದ್ದು ನಿಂತು ಹೆಂಡತಿಯ ಪರವಾಗಿ ನುಡಿದರೆ ಮ್ಯಾಜಿಸ್ಟ್ರೇಟರು ಎರಡನೆಯ ಮಾತು ಆಡುವುದಿಲ್ಲ. ಹತ್ತೊಂಬತ್ತು ವರ್ಷಗಳಲ್ಲಿ ಅಂಥ ಸಾಕ್ಷಿ ಅವಳಿಗೆ ಸಿಕ್ಕಿರಲಿಲ್ಲ. ಆಸೆ ಅವಳ ಬುದ್ಧಿಯನ್ನು ಅಷ್ಟರಮಟ್ಟಿಗೆ ತಿಂದಿತ್ತು.

"ಕರ್ಕೊಂಡು ಹೋಗ್ತೀನಿ. ಆದ್ರೆ ನೀವು ಹೋಗಿ ಮಾನುವೆಲಿಗೆ ಹೇಳ್ಬಾರ್ದು."

"ನಾನು ಯಾಕೆ ಹೋಗಿ ಹೇಳ್ಲಿ? ಹೋಗಲ್ಲ. ದೇವರಾಣೆ."

ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿದ ಮೇಲೆ ಇಬ್ಬರೂ ಮಿನಿಬಸ್ ಹತ್ತಿದರು. ಮೆಲಿಯಾಳ ಮನೆಯಲ್ಲಿ ಫಾಲೆಸಿ ಮುದುಕನ ಮುಂದೆ ಮಂಡಿಯೂರಿ ಹೇಳಬೇಕಾದದ್ದನ್ನು ಹೇಳಿದಳು, ಭುಜದ ಪಟ್ಟಿ ಸರಿಸಿ ತೋರಿಸಿದಳು. ಬಾಂಬೊ ಸಿತೊಲೊ ಅತ್ತ. ಮಕ್ಕಳ ತಲೆಯ ಮೇಲೆ ಕೈಯಿಟ್ಟ. ಎಸ್ನಾತಿ ಅವನಿಗೆ ತಾನು ಹೊಸ ಶಾಲೆಯಲ್ಲಿ ಬರೆದ ಅಕ್ಷರಗಳನ್ನು ತೋರಿಸಿದಳು. ಹೊರಡುವಾಗ ಫಾಲೆಸಿ ಎಲೂಬಿಯನ್ನು ಅಡಿಗೆಯ ಗುಡಿಸಲಿನ ಹಿಂದಕ್ಕೆ ಕರೆದಳು.

"ಇವರನ್ನ ಯಾಕೆ ಕರ್ಕೊಂಡು ಬಂದ್ರಿ, ಮಾಯಿ?"

"ಅವರು ಸುಳ್ಳು ಹೇಳಲ್ಲ ಕಣೇ. ಆಣೆ ಇಟ್ಟಿದ್ದಾರೆ."

"ಅದಕ್ಕೇ ಕೇಳಿದ್ದು," ಎಂದಳು ಫಾಲೆಸಿ. ಎಲೂಬಿಗೆ ಆ ಮಾತು ಮಿನಿಬಸ್ಸಿನಲ್ಲಿ ಅರ್ಧ ದಾರಿ ಕಳೆದ ಮೇಲೆ ಹೊಳೆಯಿತು. ಕಿಟಕಿಯ ಪಕ್ಕ ತೂಕಡಿಸುತ್ತಿದ್ದ ಮುದುಕನ ಮುಖ ನೋಡಿದಳು. ಏನೂ ಆಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸೋಮವಾರ ಫಾಲೆಸಿಯನ್ನು ಬೇರೆ ಕಡೆಗೆ ಸಾಗಿಸೋಣವೆಂದುಕೊಂಡಳು, ಸೋಮವಾರ ಎರಡು ಹೊಸ ಅರ್ಜಿಗಳು ಬಂದವು. ಮಂಗಳವಾರ ಮಾವಿನ ಮರದ ಕೆಳಗೆ ಸೈಕಲ್ ಇರಲಿಲ್ಲ. ಬುಧವಾರ ಬೆಳಿಗ್ಗೆಯೂ ಇರಲಿಲ್ಲ. ಅವನಿಗೆ ಇನ್ನು ಕಾಯುವ ಅಗತ್ಯವಿಲ್ಲವೆಂದು ಅವಳಿಗೆ ಹೊಳೆಯಿತು. ಗಂಟನ್ನು ಗುಮಾಸ್ತನ ಮೇಜಿನ ಮೇಲೆ ಬಿಸಾಕಿ ಬಸ್ಸಿಗೆ ಓಡಿದಳು.

ಅವಳು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಲಾಟೆಯಾಗಿರಲಿಲ್ಲ, ಒಂದು ಬೈಗುಳವೂ ಕೇಳಿರಲಿಲ್ಲ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಫಾಲೆಸಿ ಪಟ್ಟಿ ಕಟ್ಟಿಸಿಕೊಳ್ಳಲು ಆಸ್ಪತ್ರೆಗೆ ಹೋಗಿದ್ದಾಗ ಮಾನುವೆಲಿ ಬಂದಿದ್ದ. ಕೈಯಲ್ಲೊಂದು ಕೋಳಿ. ಅಂಗಳದಲ್ಲಿ ಮಂಡಿಯೂರಿ ಮೆಲಿಯಾಳಿಗೆ, ನೆರೆಯವರಿಗೆ, ಎಲ್ಲರಿಗೂ ನಮಸ್ಕರಿಸಿದ್ದ. "ನಮ್ಮ ಅಂಕೋಸ್ವೆ ಬಂದು ಹೋಗಿದ್ದಾರಲ್ಲ, ಮಾತು ಸರಿಹೋಯ್ತು, ಮಕ್ಕಳನ್ನ ಕರ್ಕೊಂಡು ಹೋಗೋಕೆ ಬಂದೆ," ಎಂದಿದ್ದ. ಅಂಕೋಸ್ವೆ ಭಾನುವಾರ ಬಂದದ್ದನ್ನು ಇಡೀ ಕೇರಿ ನೋಡಿತ್ತು. ಅಂಕೋಸ್ವೆ ಬಂದು ಹೋದ ಮೇಲೆ ಗಂಡ ಕೋಳಿ ಹಿಡಿದು ಬಂದರೆ ಆ ಸೀಮೆಯಲ್ಲಿ ಅದರರ್ಥ ಒಂದೇ, ರಾಜಿಯಾಗಿದೆ ಎಂದು. ಮೆಲಿಯಾ ಮಾತ್ರ, ತಾಯಿ ಬರಲಿ, ತಡಿ ಎಂದಳಂತೆ. ನೆರೆಯ ಹೆಂಗಸು ಅವಳನ್ನೇ ಗದರಿಸಿದಳಂತೆ, "ತಂದೆ ಕಣೇ ಅವನು, ಕಳ್ಳನಾ?" ಎಂದು. ಎಸ್ನಾತಿಯನ್ನು ಶಾಲೆಯ ಬಾಗಿಲಲ್ಲೇ ಹತ್ತಿಸಿಕೊಂಡ. ಲೂಕಾ ಸೈಕಲ್ಲಿನ ಮೇಲೆ ಜಾರದಿರಲೆಂದು ಅದೇ ಹೆಂಗಸು ತಾನು ಸೊಂಟಕ್ಕೆ ಮೇಲಿಂದ ಸುತ್ತಿದ್ದ ಚಿತೆಂಜಿ ಬಟ್ಟೆ ಬಿಚ್ಚಿ ಅವನನ್ನು ತಂದೆಯ ಬೆನ್ನಿಗೆ ಕಟ್ಟಿಕೊಟ್ಟಳು.

ಫಾಲೆಸಿ ಅಂಗಳದಲ್ಲಿ ಕೂತಿದ್ದಳು. ಕಾಲು ಕಟ್ಟಿದ ಕೋಳಿ ಅಲ್ಲೇ ಬಿದ್ದಿತ್ತು. ಎಲೂಬಿ ಅವಳ ಪಕ್ಕ ಕೂತು ಏನೇನೋ ಹೇಳಿದಳು: ಠಾಣೆಗೆ ಹೋಗೋಣ, ದೋಣಿಕಟ್ಟೆಯಲ್ಲಿ ತಡೆಯೋಣ, ನಾಳೆ ಆದೇಶ ಸಿಗತ್ತೆ. ಠಾಣೆಯ ಪೇದೆ ಮೋಟಾರ್ ಸೈಕಲ್ಲಿನಲ್ಲಿ ಅಲ್ಲಿಗೆ ಹತ್ತಿರದ ದೋಣಿಕಟ್ಟೆಗೆ ಹೋಗಿ ಬಂದ. ಹನ್ನೊಂದು ಗಂಟೆಗೇ ದಾಟಿದರಂತೆ ಎಂದ.

ಗುರುವಾರ ವಿಚಾರಣೆ ನಡೆಯಿತು, ಎರಡೂ ಕಡೆಯ ಅಂಕೋಸ್ವೆಗಳು ಬಂದಿದ್ದರು. ಬಾಂಬೊ ಸಿತೊಲೊ ಕರಿ ಕೋಟು ಹಾಕಿಕೊಂಡು ಬಂದಿದ್ದ. ಎದ್ದು ನಿಂತು, ತಾನು ಕಂಡ ಗಾಯವನ್ನು ಭುಜದಿಂದ ಮೊಣಕೈಯವರೆಗೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿ, ತಪ್ಪು ತನ್ನ ಸೋದರಳಿಯನದು, ಹುಡುಗಿಯದಲ್ಲ ಎಂದ. ಮ್ಯಾಜಿಸ್ಟ್ರೇಟರು ಎರಡನೆಯ ಮಾತು ಆಡಲಿಲ್ಲ. ರಕ್ಷಣೆಯ ಆದೇಶವಾಯಿತು. ಮಕ್ಕಳಿಬ್ಬರೂ ತಾಯಿಯ ಬಳಿ ಇರತಕ್ಕದ್ದು ಎಂದು ಆದೇಶವಾಯಿತು. ಮಕ್ಕಳು ನದಿ ದಾಟಿದ್ದಾರೆಂದು ತಿಳಿದ ಮೇಲೆ ಅವರೂ ಪೆನ್ನು ಕೆಳಗಿಟ್ಟರು. ಆಚೆಯ ದೇಶದವರಿಗೆ ಬರೆಯಬೇಕು, ರಾಜಧಾನಿಯ ಮೂಲಕ ಹೋಗಬೇಕು, ಎಷ್ಟು ತಿಂಗಳಾಗುತ್ತದೋ ಹೇಳಲಾಗದು, ಅಲ್ಲಿ ಯಾವ ಊರು ಎಂದಾದರೂ ಗೊತ್ತಿರಬೇಕು ಎಂದರು. ಮಾನುವೆಲಿಯ ಅಕ್ಕ ಈಗ ಯಾವ ಊರಲ್ಲಿದ್ದಾಳೆಂದು ಬಾಂಬೊ ಸಿತೊಲೊಗೂ ಗೊತ್ತಿರಲಿಲ್ಲ, ಫಾಲೆಸಿ ಆಗಲೇ ಹೊರಗೆ ಹೋಗಿದ್ದಳು. ಎಲೂಬಿಯ ಅರ್ಜಿ ಈ ಸಲವೂ ವಾಪಸು ಬರಲಿಲ್ಲ.

ಹೊರಗೆ ಜಗುಲಿಯಲ್ಲಿ ಅವಳು ಮುದುಕನ ಕೋಟು ಹಿಡಿದು ನಿಲ್ಲಿಸಿದಳು. "ಆಣೆ ಇಟ್ಟಿದ್ರಲ್ಲ, ಬಾಂಬೊ."

"ನಾನು ಹೋಗ್ಲಿಲ್ಲ, ಮಾಯಿ," ಎಂದ ಅವನು. "ಅವನೇ ಬಂದ. ಅಂಗಳದಲ್ಲಿ ನೆಲದ ಮೇಲೆ ಕೂತು ಚಪ್ಪಾಳೆ ತಟ್ಟಿ ಕೇಳ್ದ. 'ಮಾವ, ನಾನು ಬದುಕಿರೋ ತಂದೆ, ನನ್ನ ಮಕ್ಕಳು ಎಲ್ಲಿದ್ದಾವೆ ನೋಡಿದ್ರಾ' ಅಂತ. ಅವನಿಗೆ ಹೊಣೆ ನಿಂತೋನು ನಾನು. ಹಂಗೆ ಕೇಳಿದಾಗ ಅಂಕೋಸ್ವೆ ಸುಳ್ಳು ಹೇಳಿದ್ರೆ ಆಮೇಲೆ ಯಾವ ಮದುವೆಗೆ ಯಾರು ಹೊಣೆ ನಿಲ್ತಾರೆ? ನೀವೇ ಆಗಿದ್ರೆ ಏನ್ ಹೇಳ್ತಿದ್ರಿ?"

ಎಲೂಬಿಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗಿಯಲಾಗಲಿಲ್ಲ. ಅಂಕೋಸ್ವೆಯ ಅಂಗಳದಲ್ಲಿ ಮಂಡಿಯೂರಿ ಕೇಳಿದರೆ ನಿಜವೇ ಸಿಗುತ್ತದೆ ಎಂಬುದನ್ನು ಹತ್ತೊಂಬತ್ತು ವರ್ಷ ಅವಳೂ ನಂಬಿ ಬಾಳಿದವಳು. ಅದೇ ನಂಬಿಕೆಯಿಂದ ತಾನೇ ಅವನನ್ನು ಬಸ್ಸು ಹತ್ತಿಸಿದ್ದು. ಕೋಟು ಬಿಟ್ಟಳು. ತಿರುಗಿ ನೋಡಿದರೆ ಫಾಲೆಸಿ ಜಗುಲಿಯಲ್ಲಿ ಇರಲಿಲ್ಲ.

ಕೋರ್ಟಿನ ಊರಿನ ದೋಣಿಕಟ್ಟೆಯಲ್ಲಿ ಸಿಕ್ಕಳು. ಮರದ ದೋಣಿಯಲ್ಲಿ ಆಗಲೇ ಕೂತಿದ್ದಳು, ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು. ನೀರು ಇಳಿದು ಕೆಸರು ಬಣ್ಣಕ್ಕೆ ತಿರುಗಿತ್ತು, ಆಚೆ ದಡದ ಜೊಂಡಿನ ಕಡೆ ಮೊಸಳೆ ಇದೆ, ಬೇಗ ಹೊರಡಬೇಕು ಎಂದು ದೋಣಿಯವನು ಗೊಣಗುತ್ತಿದ್ದ. ಎಲೂಬಿ ಏದುಸಿರು ಬಿಡುತ್ತ ಕೆಸರಿಗಿಳಿದು ದೋಣಿಯ ಅಂಚು ಹಿಡಿದಳು.

"ಹೋಗ್ಬೇಡ. ಅವನು ನಿನ್ನ ಸಾಯಿಸ್ತಾನೆ."

"ಗೊತ್ತು, ಮಾಯಿ. ಮಕ್ಕಳ ಹತ್ರ ಯಾರಾದ್ರೂ ಇರ್ಬೇಕಲ್ಲ. ಇವತ್ತು ಹೊಡ್ತ ತಿನ್ನೋಕೆ ನಾನಿಲ್ಲ ಅಲ್ಲಿ. ಎಸ್ನಾತಿ ಇದ್ದಾಳೆ."

ಎಲೂಬಿ ಆದೇಶದ ಕಾಗದ ತೆಗೆದಳು. "ಸರಿ. ಯಾವ ಊರು ಅದು, ಅವನ ಅಕ್ಕನದು? ಹೆಸರು ಹೇಳು ನನಗೆ. ಸಾಹೇಬ್ರು ಕೇಳಿದ್ದಾರೆ. ಆಚೆ ಪೊಲೀಸರಿಗೆ ಬರೆಸ್ತೀನಿ, ನಿನ್ನನ್ನೂ ಮಕ್ಕಳನ್ನೂ ಕರೆಸ್ತೀನಿ. ಊರಿನ ಹೆಸರೊಂದು ಹೇಳು ಸಾಕು."

ಫಾಲೆಸಿ ಅವಳ ಕೈಯನ್ನು ಮೆಲ್ಲಗೆ ದೋಣಿಯ ಅಂಚಿನಿಂದ ಬಿಡಿಸಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಬೇಡ, ಮಾಯಿ. ಅಲ್ಲಿಂದ ಮಕ್ಕಳನ್ನ ಎತ್ಕೊಂಡು ಓಡೋ ದಿನ ಬಂದ್ರೆ ನಾನೊಬ್ಳೇ ಓಡ್ಬೇಕು. ಯಾವ ದಾರಿ, ಯಾವ ಊರು, ಯಾರಿಗೂ ಗೊತ್ತಿರ್ಬಾರ್ದು. ನೀವು ಒಳ್ಳೆಯೋರು. ಆದ್ರೆ ಯಾರಾದ್ರೂ ಮರ್ಯಾದೆಯಿಂದ ಬಂದು ಕೇಳಿದ್ರೆ ನೀವು ಹೇಳಿಬಿಡ್ತೀರಿ."

ದೋಣಿಯವನು ಕೋಲು ಊರಿ ನೂಕಿದ. ಎಲೂಬಿ 'ಹೇಳಲ್ಲ' ಎನ್ನಲು ಬಾಯಿ ತೆರೆದಳು, ಅದು ಸುಳ್ಳಾದೀತೆಂದು ಅವಳಿಗೇ ಅನಿಸಿತು.